ಇಳಿದ ಮೈ ಮತ್ತೆ ತುಂಬಬೇಕಾದರೆ

ಎಚ್.ಐ.ವಿ. ಎಂಬ ಹೆಸರು ಕೇಳಿದರೆ ನಮ್ಮ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಅದು ಬೇರೆಯವರ ಮನೆಯ ಕಾಯಿಲೆ ಎಂದುಕೊಂಡವರೇ ಹೆಚ್ಚು. ಯಾರಿಗೆ ಹೇಗೆ ಬಂತು ಎಂಬ ವಿಚಾರಣೆ ಈ ಲೇಖನದಲ್ಲಿಲ್ಲ. ಕಾಯಿಲೆ ಬಂದು, ಹಾಸಿಗೆ ಹಿಡಿದು, ಔಷಧಿಯಿಂದ ಜೀವ ಉಳಿದ ಮೇಲೆ, ಎಲುಬಿನ ಗೂಡಾದ ಮೈಯನ್ನು ಮತ್ತೆ ತುಂಬಿಸುವುದು ಹೇಗೆ? ಅದೂ ಮೊಟ್ಟೆ ಮಾಂಸ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ನಮ್ಮ ಅಡುಗೆಮನೆಯಲ್ಲಿ? ನನ್ನ ವಿಷಯ ಅಷ್ಟೇ.

ಬರೆಯಲು ಕಾರಣ ನಮ್ಮ ಬಳಗದ ಒಬ್ಬ ಹುಡುಗ. ಹುಡುಗ ಎಂದರೂ ನಲವತ್ತು ದಾಟಿದವನು. ಕರಿಮೆಣಸು, ಕಾಫಿ ವ್ಯಾಪಾರ. ಊರು, ಹೆಸರು ಬೇಡ. 2022ರ ಮಳೆಗಾಲದಲ್ಲಿ ಬಿಡದ ಜ್ವರ, ಕೆಮ್ಮು, ಭೇದಿ. ಪರೀಕ್ಷೆಯಲ್ಲಿ ಎಚ್.ಐ.ವಿ.ಯೂ ಕ್ಷಯವೂ ಒಟ್ಟಿಗೆ ಗೊತ್ತಾದವು. 62 ಕಿಲೋ ಇದ್ದವನು 41ಕ್ಕೆ ಇಳಿದಿದ್ದ. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಅಣ್ಣಾ, ದಿನಾ ಎರಡು ಮೊಟ್ಟೆ ಕೊಡಿ ಅಂದರು. ನಾನು ಏನು ಮಾಡಲಿ?"

ಆ ತಾಯಿಯಂಥವರು ಇನ್ನೂ ಇರಬಹುದು. ನಾನು ಡಾಕ್ಟರಲ್ಲ, ಮೆಟ್ರಿಕ್ ಓದಿದ ವ್ಯಾಪಾರಿ. ಡಾಕ್ಟರುಗಳನ್ನು ಕೇಳಿ, ಓದಿ, ಕಣ್ಣಾರೆ ಕಂಡು ತಿಳಿದದ್ದನ್ನು ಬರೆಯುತ್ತೇನೆ.

ಈ ಕಾಯಿಲೆಗೂ ಮೈ ಇಳಿಯುವುದಕ್ಕೂ ಮೊದಲಿಂದಲೂ ನಂಟು. 1980ರ ದಶಕದಲ್ಲಿ ಆಫ್ರಿಕಾದ ಉಗಾಂಡದ ಹಳ್ಳಿಯವರು ಇದನ್ನು ಕರೆದದ್ದೇ 'ಸ್ಲಿಮ್' ಎಂದು, ಅಂದರೆ ಸೊರಗಿಸುವ ಕಾಯಿಲೆ. ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆಗ ಔಷಧಿಯೇ ಇರಲಿಲ್ಲ. ಆಮೇಲೆ ಬಂದ ಔಷಧಿಯ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಅದೇ ಮೂರು ಔಷಧಿಗಳನ್ನು ಒಂದು ಸೇವಾಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಿತು. ಬೆಲೆ ಹೀಗೆ ಬಿದ್ದು ಇಷ್ಟೊಂದು ಜೀವ ಉಳಿದ ಇನ್ನೊಂದು ಸಂಗತಿ ನನ್ನ ವ್ಯಾಪಾರದ ಆಯುಸ್ಸಿನಲ್ಲಿ ನಾನು ಕಂಡಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ಔಷಧಿಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಕೇರಳದಲ್ಲಿ ಪರೀಕ್ಷಾ ಕೇಂದ್ರಕ್ಕೆ 'ಜ್ಯೋತಿಸ್' ಎಂದೂ ಔಷಧಿ ಕೇಂದ್ರಕ್ಕೆ 'ಉಷಸ್' ಎಂದೂ ಹೆಸರು. ವಯನಾಡಿನವರಿಗೆ ಘಾಟಿ ಇಳಿದರೆ ಕೋಝಿಕ್ಕೋಡ್ ಮೆಡಿಕಲ್ ಕಾಲೇಜು ಇದೆ. ಗುಂಡ್ಲುಪೇಟೆ ದಾಟಿ ಮೈಸೂರಿಗೆ ಹೋದರೆ, ಈ ಕಾಯಿಲೆಯವರಿಗೆಂದೇ 1997ರಲ್ಲಿ ಶುರುವಾದ ಆಶಾಕಿರಣ ಆಸ್ಪತ್ರೆಯಿದೆ.

ತಿಂಗಳಿಗೂ ಮೀರಿ ಜ್ವರವೋ ಭೇದಿಯೋ ಇದ್ದು, ಮೈತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. 60 ಕಿಲೋದವನಿಗೆ ಅದು 6 ಕಿಲೋ. ಒಳಗೆ ಕ್ಷಯ ಇದ್ದರೆ, ಬಾಯಲ್ಲಿ ಬಿಳಿ ಹುಣ್ಣಾಗಿ ನುಂಗಲಾಗದಿದ್ದರೆ, ಭೇದಿ ನಿಲ್ಲದಿದ್ದರೆ, ನೀವು ಎಷ್ಟು ತುಪ್ಪ ಸುರಿದರೂ ತೂತಿನ ಚೀಲಕ್ಕೆ ಮೆಣಸು ತುಂಬಿದಂತೆ. ಮೊದಲು ತೂತು ಹೊಲಿಯಬೇಕು. ಎಚ್.ಐ.ವಿ. ಮಾತ್ರೆ ಒಂದು ದಿನವೂ ತಪ್ಪಬಾರದು, ಕ್ಷಯದ ಮಾತ್ರೆ ಹೇಳಿದಷ್ಟು ತಿಂಗಳು ಮುಗಿಯಬೇಕು. 'ಏಡ್ಸ್ ಗುಣಪಡಿಸುತ್ತೇವೆ' ಎಂಬ ಜಾಹೀರಾತುಗಳನ್ನು 1990ರ ದಶಕದಲ್ಲಿ ನಮ್ಮ ಕೇರಳದಲ್ಲೇ ಕಂಡಿದ್ದೇವೆ. ಅಂಥ ಪುಡಿ, ಲೇಹ್ಯಗಳನ್ನು ನಂಬಿ ಮಾತ್ರೆ ಬಿಡಬಾರದು.

ತುಂಬ ದಿನ ಉಣ್ಣದೆ ಒಣಗಿದವರಿಗೆ ಮನೆಗೆ ಬಂದ ದಿನವೇ ಹೋಳಿಗೆ ತುಪ್ಪ ಬಡಿಸುವುದು ಅಪಾಯ. ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆಯಾಗಬಹುದು. ಗಂಜಿಯಿಂದ ಶುರುಮಾಡಿ, ವೈದ್ಯರು ಹೇಳಿದಂತೆ ದಿನದಿನಕ್ಕೆ ಏರಿಸಬೇಕು.

ಸೊರಗಿದ ಮೈ ಹೇಗೆ ತುಂಬುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ಒಂದು ಪ್ರಯೋಗ ನಡೆಯಿತು. ಎರಡನೇ ಮಹಾಯುದ್ಧದ ಕಾಲ. ಕೊಲ್ಲುವುದು ಪಾಪವೆಂದು ಯುದ್ಧಕ್ಕೆ ಹೋಗಲೊಪ್ಪದ 36 ಯುವಕರು ಅದಕ್ಕೆ ತಮ್ಮ ದೇಹ ಒಪ್ಪಿಸಿದರು. ಅಹಿಂಸೆಯನ್ನು ನಂಬಿದ ನಮಗೆ ಇದು ತಿಳಿದಿರಬೇಕು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅವರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಮತ್ತೆ ಉಣಿಸಿದಾಗ ಕೊಬ್ಬು ಬೇಗ ಬಂತು, ಸ್ನಾಯು ನಿಧಾನವಾಗಿ, ತಿಂಗಳುಗಟ್ಟಲೆ ತೆಗೆದುಕೊಂಡು ಬಂತು.

ಮೆಣಸು ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾದೀತು. ಒದ್ದೆ ಮೆಣಸು ತಕ್ಕಡಿಯಲ್ಲಿ ತೂಗುತ್ತದೆ, ಒಣಗಿಸಿದರೆ ಸರಕು ಎಷ್ಟೆಂದು ಗೊತ್ತಾಗುತ್ತದೆ. ಮೈತೂಕವೂ ಹಾಗೆಯೇ. ಪ್ರೋಟೀನು ಕಡಿಮೆಯಾಗಿ ಕಾಲಿಗೆ ನೀರು ಬಂದರೂ ಕಿಲೋ ಏರುತ್ತದೆ. ಹೊಟ್ಟೆ ಬಂದು ತೊಡೆ ಕಡ್ಡಿಯಾಗಿಯೇ ಉಳಿದರೂ ಏರುತ್ತದೆ. ಹಿಂದೆ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧಿಯಿಂದ ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿಹೋಗುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಹೇಳಿತು. ಈಗಿನ ಮಾತ್ರೆಯಲ್ಲಿ ಆ ತೊಂದರೆ ಇಲ್ಲ. ಕೆಲವರಿಗೆ ಬೇಕಾದದ್ದಕ್ಕಿಂತ ಹೆಚ್ಚು ತೂಕ ಬರುವುದೂ ಉಂಟು.

ಇನ್ನು ಅಡುಗೆಮನೆ. ಚೇತರಿಸಿಕೊಳ್ಳುವವರಿಗೆ ಕಿಲೋ ಮೈತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. ಒಟ್ಟು ಆಹಾರವೂ ಮಾಮೂಲಿಗಿಂತ ನೂರಕ್ಕೆ 20-30ರಷ್ಟು ಹೆಚ್ಚು ಬೇಕು. 45 ಕಿಲೋದವನಿಗೆ 60 ಗ್ರಾಂ ಪ್ರೋಟೀನು ಎಂದುಕೊಳ್ಳಿ. 100 ಗ್ರಾಂ ತೊಗರಿ, ಹೆಸರು, ಹುರುಳಿ, ಕಡಲೆಯಂಥ ಬೇಳೆಕಾಳಿನಲ್ಲಿ ಸುಮಾರು 22, ಅರ್ಧ ಲೀಟರು ಹಾಲಿನಲ್ಲಿ 16, ಒಂದು ಹಿಡಿ, ಅಂದರೆ 50 ಗ್ರಾಂ ನೆಲಗಡಲೆಯಲ್ಲಿ 12. ದಿನದ ಅಕ್ಕಿ, ರಾಗಿ, ಗೋಧಿಯಿಂದ ಇನ್ನೊಂದು 20. ಒಟ್ಟು 70 ಆಯಿತು. ಮೊಟ್ಟೆಯಿಲ್ಲದೆಯೇ ಲೆಕ್ಕ ಸರಿಹೋಯಿತಲ್ಲ! ಆ ತಾಯಿ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಅವರು ಓದಿ, ಹೀಗೇ ನಡೆಸಿ ಎಂದರಂತೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಸಾಮಾನ್ಯ, ಅದನ್ನೂ ನೋಡಿಸಬೇಕು.

ಅವರ ಮನೆಯಲ್ಲಿ ನಡೆದ ಕ್ರಮ ಹೀಗೆ. ಬೆಳಗಾದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ. ಆಮೇಲೆ ಇಡ್ಲಿಯೋ ಹೆಸರುಬೇಳೆ ದೋಸೆಯೋ. ಹತ್ತೂವರೆಗೆ ಬೇಯಿಸಿದ ನೇಂದ್ರಬಾಳೆ, ನೆಲಗಡಲೆ ಚಿಕ್ಕಿ. ಮಧ್ಯಾಹ್ನ ಗಟ್ಟಿ ಬೇಳೆ, ಅನ್ನ, ತುಪ್ಪ, ಪಲ್ಯ. ನಾಲ್ಕಕ್ಕೆ ಎಳ್ಳುಂಡೆ, ಹಾಲು. ಹೊತ್ತು ಮುಳುಗುವ ಮೊದಲು ಚಪಾತಿ, ಪನೀರು. ಬೇಳೆಗೆ ಮೊಸರು ಕೂಡಿಸದ ದ್ವಿದಳದ ನಿಯಮ ಅವರಲ್ಲಿ ಉಂಟು, ಆದ್ದರಿಂದ ಮೊಸರು ಬೇರೆ ಹೊತ್ತಿಗೆ. ಸಂಜೆ ಆರರಿಂದ ಬೆಳಗಿನ ಆರೂವರೆಯ ತನಕ ಹೊಟ್ಟೆ ಖಾಲಿ ಎಂಬುದು ವೈದ್ಯರ ಚಿಂತೆ. ಅದಕ್ಕೇ ಕೊನೆಯ ಊಟ ಗಟ್ಟಿಯಾಗಿರಬೇಕು, ಬೆಳಗಿನ ಮೊದಲ ತುತ್ತು ತಡವಾಗಬಾರದು.

ಮಾತ್ರೆಯದೂ ಒಂದು ಮಾತು. ಹಿಂದಿನ ಎಫಾವಿರೆಂಜ್ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ ನುಂಗಬೇಕಿತ್ತು, ರಾತ್ರಿ ನೀರನ್ನೂ ಬಿಟ್ಟವರಿಗೆ ಧರ್ಮಸಂಕಟ. ಈಗ ಹೆಚ್ಚಿನವರಿಗೆ ಕೊಡುವ ಡೊಲುಟೆಗ್ರವಿರ್ ಸೇರಿದ ಮಾತ್ರೆ ದಿನಕ್ಕೊಂದು, ಬೆಳಗ್ಗೆಯೇ ತೆಗೆದುಕೊಳ್ಳಬಹುದು. ಕ್ಷಯದ ಔಷಧಿಯೂ ಜೊತೆಗಿದ್ದರೆ ಕೆಲವು ಕಾಲ ಎರಡು ಹೊತ್ತು ಬೇಕಾಗುತ್ತದೆ. ಎರಡನೆಯದನ್ನು ಸಂಜೆ ಎಷ್ಟು ಹೊತ್ತಿಗೆ ಎಂದು ಕೇಂದ್ರದಲ್ಲೇ ಕೇಳಿ ನಿಶ್ಚಯಿಸಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಬರಿ ಹೊಟ್ಟೆಯಲ್ಲಿ ಇದರ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದಿಲ್ಲ. ಹೊಟ್ಟೆಯುರಿಯ ಔಷಧಿಗೂ ಕೆಲವು ತಾಸು ಅಂತರ ಬೇಕು.

ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ಉಪವಾಸ? ಮೈ ತುಂಬುವ ತನಕ ಬೇಡ. ಅನಶನ ತಪಸ್ಸೇ, ರೋಗಿಯ ಸೇವೆಯೆಂಬ ವೈಯಾವೃತ್ಯವೂ ತಪಸ್ಸೇ. ಆ ವರ್ಷ ಮಗನಿಗೆ ಉಣಿಸುವ ಕೆಲಸ ತಾಯಿಯದಾಯಿತು, ಅವನ ಪಾಲಿನ ಉಪವಾಸವನ್ನು ಅಜ್ಜಿ ಮಾಡಿದರು.

ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ಜ್ವರ ಬಿಟ್ಟು, ವೈದ್ಯರು ಒಪ್ಪಿದ ಮೇಲೆ, ಇವನು ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರುವುದರಿಂದ ಶುರುಮಾಡಿದ. ಮೊದಲ ವಾರ ಮೂರಕ್ಕೇ ಏದುಸಿರು. ಆಮೇಲೆ ಅಂಗಡಿಯ ತೂಕದ ಕಲ್ಲುಗಳೇ ವ್ಯಾಯಾಮದ ಸಾಮಾನು: ಬಟ್ಟೆಚೀಲದಲ್ಲಿ ಅರ್ಧ ಕಿಲೋ, ಒಂದು ಕಿಲೋ, ತಿಂಗಳು ಕಳೆದಂತೆ ಎರಡು. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಜಿಮ್ಮಿನವರು ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದಿನ ಗೊಡವೆಗೆ ಹೋಗಬಾರದು.

ಮೊದಲ ವಾರಗಳಲ್ಲಿ ಆ ಮನೆಯಲ್ಲಿ ಅವನ ತಟ್ಟೆ ಲೋಟ ಬೇರೆ, ಊಟ ಹಿಂದಿನ ಕೋಣೆಯಲ್ಲಿ. ಒಬ್ಬನೇ ಕೂತವನು ಎರಡು ತುತ್ತು ತಿಂದು ಏಳುತ್ತಿದ್ದ. ಒಂದೇ ತಟ್ಟೆಯಲ್ಲಿ ಉಂಡರೂ ಎಚ್.ಐ.ವಿ. ಅಂಟುವುದಿಲ್ಲ. ಅವನ ಕ್ಷಯ ಹರಡುವ ಅವಧಿ ಮುಗಿದಿದೆ ಎಂದು ಡಾಕ್ಟರು ಹೇಳಿದ ದಿನವೇ ಅವನ ಹೆಂಡತಿ ತಟ್ಟೆಯನ್ನು ತಂದು ಪಂಕ್ತಿಯಲ್ಲಿಟ್ಟಳು. ಆಕೆಯ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಊಟ ಹೆಚ್ಚಿದ್ದು ಅಲ್ಲಿಂದಲೇ ಎಂದು ನನ್ನ ಎಣಿಕೆ. ವರ್ಷ ತುಂಬುವಾಗ 56 ಕಿಲೋ, ಎರಡನೇ ವರ್ಷ 60. ಅಂಗಡಿಗೆ ಬರುತ್ತಾನೆ. ಮೂಟೆ ಎತ್ತುವುದಿಲ್ಲ, ತೂಕ ಅವನೇ ನೋಡುತ್ತಾನೆ.

ಸಂಗತಿ ಹೊರಬಿದ್ದರೆ ವ್ಯಾಪಾರದ ಗತಿಯೇನು ಎಂದು ಹೆದರುವವರು ತಿಳಿದಿರಬೇಕು: 2017ರ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಎಚ್.ಐ.ವಿ. ಸಂಗತಿ ಬಯಲು ಮಾಡುವುದಕ್ಕೂ ಭೇದ ತೋರುವುದಕ್ಕೂ ಅದರಲ್ಲಿ ತಡೆಯಿದೆ. ಸಂದೇಹ ಕೇಳಲು 1097 ಉಚಿತ ದೂರವಾಣಿ.

ತಿಂಗಳಿಗೊಮ್ಮೆ ಒಂದೇ ಯಂತ್ರದಲ್ಲಿ, ಬೆಳಗಿನ ಹೊತ್ತು, ತೂಕ ನೋಡಿ ಬರೆದಿಡಿ. ಮಾತ್ರೆ ತಪ್ಪದೆಯೂ ಎರಡು ಕಿಲೋ ಇಳಿದರೆ ಮುಂದಿನ ತಾರೀಖಿಗೆ ಕಾಯದೆ ಕೇಂದ್ರಕ್ಕೆ ಹೋಗಿ. ಮೈಸೂರಿಗೆ ಹೋಗುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂದು ನೆನಪಿಟ್ಟು, ಬುತ್ತಿ ಕಟ್ಟಿಕೊಂಡು ಹೊರಡಿ.