ನಶೆಗೆ ಬಿದ್ದವನಿಗೆ ಜೈಲೋ, ಚಿಕಿತ್ಸೆಯೋ?

ಮಗ ಗಾಂಜಾ ಸೇದುತ್ತಾನೆಂಬ ಸಂಗತಿ ಎಷ್ಟೋ ಮನೆಗಳಲ್ಲಿ ತಾಯಿಗೆ ಮೊದಲು ತಿಳಿಯುವುದು ಪೊಲೀಸ್ ಠಾಣೆಯಿಂದ. ಕೆಂಪಾದ ಕಣ್ಣು, ತಡರಾತ್ರಿಯ ತಿರುಗಾಟ, ಕಪಾಟಿನಿಂದ ಕಾಣೆಯಾಗುವ ಹಣ ಎಲ್ಲವನ್ನೂ ವಯಸ್ಸಿನ ಹುಡುಗಾಟವೆಂದು ನುಂಗಿಕೊಂಡಿರುತ್ತೇವೆ. ಸಿಕ್ಕಿಬಿದ್ದ ಮೇಲೆ ಮನೆಯಲ್ಲಿ ಎರಡು ಮಾತು. “ಒಳಗೆ ಹಾಕಲಿ, ಬುದ್ಧಿ ಬರಲಿ” ಎನ್ನುವವರು ಕೆಲವರು. ಹೇಗಾದರೂ ಬಿಡಿಸಿ ತಂದು ವಿಷಯ ಮುಚ್ಚಿಹಾಕಲು ಓಡುವವರು ಇನ್ನು ಕೆಲವರು. ಎರಡರಲ್ಲೂ ಹುಡುಗನ ಚಟ ಮಾತ್ರ ಹಾಗೆಯೇ ಉಳಿಯುತ್ತದೆ.

ಕಬ್ಬು, ಹತ್ತಿ, ತೊಗರಿಯ ನಡುವೆ ಗಾಂಜಾ ಗಿಡ ಬೆಳೆಸಿ ಸಿಕ್ಕಿಬಿದ್ದ ಸುದ್ದಿಗಳು ವಿಜಯಪುರ ಜಿಲ್ಲೆಯಿಂದ ಆಗಾಗ ಬರುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಯಂದಿರಿಗೆ ಇದು ದೂರದ ನಗರದ ಕಥೆಯಲ್ಲ. ಬೆಳೆದವನು, ಮಾರಿದವನು, ಸೇದಿದವನು ಮೂವರೂ ಊರಿನ ಕಣ್ಣಿಗೆ ಒಂದೇ. ಕಾನೂನಿನ ಕಣ್ಣಿಗೆ ಹಾಗಲ್ಲ.

ಕಾನೂನು ಏನು ಹೇಳುತ್ತದೆ?

1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆಯಾಗಬಹುದು. 20 ಕಿಲೋಗಿಂತ ಹೆಚ್ಚು ಗಾಂಜಾ ಇಟ್ಟುಕೊಂಡವನಿಗೆ ಕನಿಷ್ಠ 10 ವರ್ಷ. ಆದರೆ ಸೇದಿದವನಿಗೆ 27ನೇ ಕಲಮಿನಂತೆ 6 ತಿಂಗಳವರೆಗೆ ಸಜೆ, ಇಲ್ಲವೆ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಇದಲ್ಲದೆ ವ್ಯಸನಿಗೆ ಕಾಯ್ದೆ ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ. ಮೊದಲನೆಯದು 64ಎ ಕಲಂ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ, ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ವಿಚಾರಣೆಯಿಂದಲೇ ವಿನಾಯಿತಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಎರಡನೆಯದು 39ನೇ ಕಲಂ. ತಪ್ಪು ಸಾಬೀತಾದ ಮೇಲೂ, ವ್ಯಸನಿಯ ವಯಸ್ಸು ಮತ್ತು ನಡತೆ ನೋಡಿ, ಅವನ ಒಪ್ಪಿಗೆ ಪಡೆದು, ಶಿಕ್ಷೆಯ ಬದಲು ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಅವನನ್ನು ಚಿಕಿತ್ಸೆಗೆ ಕಳುಹಿಸಬಹುದು. ಇದಕ್ಕೂ ಅಲ್ಪ ಪ್ರಮಾಣದ ಮಿತಿಯಿದೆ. ಗಾಂಜಾಕ್ಕೆ ಅದು 1 ಕಿಲೋ.

ಹಾಗಾದರೆ ತೊಡಕೆಲ್ಲಿ? ಈ ಬಾಗಿಲು ತಟ್ಟಿದವರಿಗೆ ಮಾತ್ರ ತೆರೆಯುತ್ತದೆ. “ಮಗ ವ್ಯಸನಿ” ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಲು ಮನೆಯವರಿಗೆ ನಾಚಿಕೆ. ದಂಡ ಕಟ್ಟಿ ಮುಗಿಸಿದರೆ ಸಾಕೆಂಬ ಅವಸರ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾನೂನುಬಾಹಿರ ಮಾದಕ ವಸ್ತುಗಳಿಗೆ ದಾಸರಾದ 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆಯುವ ಅವಕಾಶ ಸಿಕ್ಕಿದೆ.

ಚಟಕ್ಕಾಗಿ ಕಳ್ಳತನ ಮಾಡಿದವನನ್ನು ಸುಮ್ಮನೆ ಬಿಡಬೇಕೆ? ಖಂಡಿತ ಬೇಡ. ಕಳೆದುಕೊಂಡವರ ನೋವೂ ನೋವೇ. ಆದರೆ ಚಟ ಉಳಿದರೆ ಕಳ್ಳತನವೂ ಉಳಿಯುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ, ಇಂಥವನನ್ನು ಅಧಿಕಾರಿಯ ನಿಗಾದಲ್ಲಿ, ಅಮಲು ಪದಾರ್ಥ ಮುಟ್ಟಬಾರದೆಂಬ ಷರತ್ತು ಹಾಕಿ ಬಿಡಲು ಅವಕಾಶವಿದೆ. ಕಳೆದುಕೊಂಡವರಿಗೆ ಪರಿಹಾರ ಕೊಡಿಸಲೂ ಅವಕಾಶವಿದೆ.

ಮೊದಲ ಬಾರಿ ಸೇದಿ ಸಿಕ್ಕಿಬಿದ್ದ ಹುಡುಗನನ್ನು ಮಾರಾಟಗಾರರ ಜೊತೆ ಒಂದೇ ಕೋಣೆಯಲ್ಲಿಟ್ಟರೆ ಅವನು ಕಲಿತು ಬರುವುದೇನು? ಆದ್ದರಿಂದ ಇಂಥ ಪ್ರತಿ ಪ್ರಕರಣದಲ್ಲೂ ಪೊಲೀಸರು 64ಎ ವಿಷಯವನ್ನು ಮನೆಯವರಿಗೆ ತಿಳಿಸಬೇಕು. ಚಿಕಿತ್ಸೆಗೆ ಸಿದ್ಧನಿದ್ದಾನೆಯೇ ಎಂದು ನ್ಯಾಯಾಲಯ ಮೊದಲೇ ಕೇಳಬೇಕು. ಮುದ್ದೇಬಿಹಾಳದಂಥ ಊರಿನ ಕೂಲಿ ಕುಟುಂಬ ಪ್ರತಿ ಬಾರಿಯೂ ವಿಜಯಪುರಕ್ಕೋ, ಧಾರವಾಡದ ಡಿಮ್ಹಾನ್ಸ್‌ಗೋ ಅಲೆಯಬೇಕಾದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಅದು ಮುಂದುವರಿಯುವಂತಾಗಬೇಕು.

ನಾವೇನು ಮಾಡಬಹುದು?

ನಶೆ ಹರಾಮ್ ಎಂದು ಮಕ್ಕಳಿಗೆ ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ಬಿದ್ದವನನ್ನು ಎತ್ತುವುದೂ ನಮ್ಮದೇ ಹೊಣೆ. ಮೊಹಲ್ಲಾದಲ್ಲಿ ಅಂಥ ಮನೆಯವರನ್ನು ಆಡಿಕೊಳ್ಳುವ ಬದಲು ಆ ತಾಯಿಯ ಜೊತೆ ಆಸ್ಪತ್ರೆಗೆ ಹೋಗಿಬನ್ನಿ. ಪ್ರಕರಣ ದಾಖಲಾಗುವವರೆಗೆ ಕಾಯಬೇಡಿ. ವ್ಯಸನ ಬಿಡಿಸುವ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿಮಾನಸ್ 14416. ಬಂಧನದಲ್ಲಿರುವವರಿಗೆ ಸರಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೆ 15100ಕ್ಕೆ ಕರೆ ಮಾಡಿ. ವಕೀಲರು ಸಿಕ್ಕಾಗ “ಜಾಮೀನು ಕೊಡಿಸಿ” ಎಂದಷ್ಟೇ ಹೇಳಬೇಡಿ. “64ಎ ಅಡಿ ಚಿಕಿತ್ಸೆಗೆ ಅರ್ಜಿ ಹಾಕಿ” ಎಂದೂ ಕೇಳಿ.