ಕೆಲಿಫರ್ ಜಾತಿಯೂ ಅದರ ವರ್ಗೀಕರಣವೂ

ಹಳೆಯ ಪುಸ್ತಕಗಳ ಹಾಳೆಗಳ ನಡುವೆಯೂ ಮರದ ತೊಗಟೆಯ ಕೆಳಗೂ ವಾಸಿಸುವ ಹುಸಿಚೇಳುಗಳು ಅಷ್ಟಪದಿಗಳ ವರ್ಗದಲ್ಲಿ ಒಂದು ಪ್ರತ್ಯೇಕ ಗಣವಾಗಿವೆ. ಚೇಳಿನಂತೆ ಇವಕ್ಕೂ ಇಕ್ಕುಳಗಳುಂಟು. ಆದರೆ ಬಾಲವಾಗಲಿ ಕೊಂಡಿಯಾಗಲಿ ಇಲ್ಲ. ಇವುಗಳಲ್ಲಿ 4,000ಕ್ಕೂ ಮಿಕ್ಕ ಪ್ರಭೇದಗಳು ತಿಳಿದಿವೆ. ಪ್ರಯೋಗಶಾಲೆಯಲ್ಲಿ ಇಂಥ ಪ್ರಾಣಿಯೊಂದು ದೊರೆತೊಡನೆ ಅದಕ್ಕೆ ‘ಕೆಲಿಫರ್’ ಎಂದು ಚೀಟಿ ಅಂಟಿಸುವುದು ಸುಲಭ. ಹಾಗೆ ಮಾಡುವುದು ಯುಕ್ತವೇ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಲಿನೀಯಸನು 1758ರಲ್ಲಿ ಮನೆಗಳಲ್ಲಿ ಕಾಣಸಿಗುವ ಹುಸಿಚೇಳನ್ನು ನುಸಿಗಳೊಡನೆ ಸೇರಿಸಿ ಅಕಾರಸ್ ಕ್ಯಾಂಕ್ರಾಯ್ಡಿಸ್ ಎಂದು ಹೆಸರಿಸಿದನು. 1762ರಲ್ಲಿ ಫ್ರಾನ್ಸಿನ ಜೋಫ್ರ್ವಾ ಇದಕ್ಕಾಗಿ ಕೆಲಿಫರ್ ಜಾತಿಯನ್ನು ಸ್ಥಾಪಿಸಿದನು. ‘ಇಕ್ಕುಳಧಾರಿ’ ಎಂಬುದು ಆ ಹೆಸರಿನ ಅರ್ಥ. ಇಕ್ಕುಳವು ಎಲ್ಲ ಹುಸಿಚೇಳುಗಳಿಗೂ ಸಾಮಾನ್ಯವಾದುದರಿಂದ, ಪರಸ್ಪರ ದೂರ ಸಂಬಂಧದ ಪ್ರಾಣಿಗಳೂ ಈ ಜಾತಿಗೆ ಬಂದು ಸೇರಿದುವು. ಲೀಚ್ 1817ರಲ್ಲಿ ಕೆಲಿಫರ್ ಎಂದು ವರ್ಣಿಸಿದ ಒಂದು ಪ್ರಭೇದವು ಈಗ ಕೈರಿಡಿಯಮ್ ಜಾತಿಯಲ್ಲಿದೆ. ಹರ್ಮನ್ 1804ರಲ್ಲಿ ವರ್ಣಿಸಿದ ಮತ್ತೊಂದು ಕ್ಥೋನಿಯಸ್ ಜಾತಿಯಲ್ಲಿದೆ.

ಹಾಗಾದರೆ ವಿಂಗಡಣೆಗೆ ಆಧಾರವೇನು? ಚೇಂಬರ್ಲಿನ್ 1931ರ ತನ್ನ ಗ್ರಂಥದಲ್ಲಿ ಪಾದದ ಖಂಡಗಳಿಗೆ ಪ್ರಾಧಾನ್ಯವನ್ನು ಕೊಟ್ಟನು. ಕ್ಥೋನಿಯಸಿನಲ್ಲಿ ಮುಂದಿನ ಎರಡು ಜೊತೆ ಕಾಲುಗಳ ಪಾದಕ್ಕೆ ಒಂದು ಖಂಡ, ಹಿಂದಿನ ಎರಡು ಜೊತೆಗಳಿಗೆ ಎರಡು. ನಿಯೋಬಿಸಿಯಮಿನಲ್ಲಿ ಎಲ್ಲ ಕಾಲುಗಳಿಗೂ ಎರಡು. ಕೆಲಿಫರಿನಲ್ಲಿ ಎಲ್ಲಕ್ಕೂ ಒಂದೇ. 1992ರಲ್ಲಿ ಹಾರ್ವೆ ಇಡೀ ಗಣವನ್ನು ಮರುಪರಿಶೀಲಿಸಿ, ಇಕ್ಕುಳದಲ್ಲಿ ವಿಷಗ್ರಂಥಿಯುಳ್ಳವು ಮತ್ತು ಇಲ್ಲದವು ಎಂದು ಎರಡು ಉಪಗಣಗಳನ್ನು ಮಾಡಿದನು. ಕ್ಥೋನಿಯಸಿಗೆ ವಿಷಗ್ರಂಥಿಯಿಲ್ಲ. ಕರ್ನೀಸ್ ಜಾತಿಯಲ್ಲಿ ಅದು ಇಕ್ಕುಳದ ಚಲಿಸುವ ಬೆರಳಿನಲ್ಲಿ ಮಾತ್ರ ಇರುತ್ತದೆ. ಕೆಲಿಫರಿನಲ್ಲಿ ಎರಡು ಬೆರಳುಗಳಲ್ಲಿಯೂ ಇರುತ್ತದೆ.

ಇಕ್ಕುಳದ ಮೇಲಿನ ಸಂವೇದನಾ ರೋಮಗಳ ಸ್ಥಾನವೂ ಜಾತಿನಿರ್ಣಯಕ್ಕೆ ಸಹಾಯಕ. ವಯಸ್ಕ ಕೆಲಿಫರಿನ ಒಂದೊಂದು ಇಕ್ಕುಳದಲ್ಲಿ ಇಂಥ 12 ರೋಮಗಳುಂಟು: ಸ್ಥಿರ ಬೆರಳಿನಲ್ಲಿ 8, ಚಲಿಸುವ ಬೆರಳಿನಲ್ಲಿ 4. ಮರಿಗಳಲ್ಲಿ ಇವು ಕಡಮೆಯಾದುದರಿಂದ, ಮರಿಯನ್ನು ನೋಡಿ ಜಾತಿಯನ್ನು ನಿರ್ಣಯಿಸುವುದು ಅಪಾಯಕರ.

ಒಮ್ಮೆ ಬಹುತೇಕ ಗಣವನ್ನೇ ಒಳಗೊಂಡಿದ್ದ ಕೆಲಿಫರ್ ಜಾತಿಗೆ ಈಗ ಸಾಮಾನ್ಯವಾಗಿ ಕ್ಯಾಂಕ್ರಾಯ್ಡಿಸ್ ಎಂಬ ಒಂದೇ ಪ್ರಭೇದವನ್ನು ಸೇರಿಸುತ್ತಾರೆ. ಇದನ್ನು ಹೆಸರಿನ ಹ್ರಾಸವೆಂದು ಭಾವಿಸಬೇಕಾದುದಿಲ್ಲ. ಹೆಸರು ಬಾಹ್ಯ ಸಾದೃಶ್ಯವನ್ನು ಬಿಟ್ಟು ಬಾಂಧವ್ಯವನ್ನು ಸೂಚಿಸತೊಡಗಿತು. ಆದುದರಿಂದ ಪಾದ, ವಿಷಗ್ರಂಥಿ, ರೋಮ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವವರೆಗೆ ಚೀಟಿಯ ಮೇಲೆ ‘ಹುಸಿಚೇಳು’ ಎಂದಷ್ಟೇ ಬರೆಯುವುದು ಲೇಸು.