ಸೆಲೆನಿಯಂ ಮೊಟ್ಟೆ: ಹೆಚ್ಚು ದರ ಕೊಡುವ ಮುನ್ನ

ಪುಣೆಯಿಂದ ಸಾಸವಡ ದಾಟಿ ಜೇಜುರಿಗೆ ಹೋಗುವ ರಸ್ತೆಯಲ್ಲಿ ಹೋಟೆಲ್ ನಡೆಸುವ ಕನ್ನಡಿಗರಿಗೆ ಖಂಡೋಬ ಹೊಸಬನಲ್ಲ. ನಮ್ಮ ಮೈಲಾರಲಿಂಗನೇ ಅಲ್ಲಿ ಭಂಡಾರದಲ್ಲಿ ಮಿಂದು ನಿಂತಿದ್ದಾನೆ. ಸೋಮವತಿ ಅಮಾವಾಸ್ಯೆಗೆ ಪಲ್ಲಕ್ಕಿ ಕರ್ಹಾ ನದಿಗೆ ಹೊರಡುವ ದಿನ ವ್ಯಾಪಾರದ ಲೆಕ್ಕವೇ ಬೇರೆ. ಮೊಟ್ಟೆ ಮಾರುವ ಮಾಲೀಕರಿಗೆ ಮಾತ್ರ ಒಂದು ಪೇಚು: ಅಂದು ಬುರ್ಜಿ, ಆಮ್ಲೆಟ್ ಕೇಳುವವರು ಕಡಿಮೆಯಾದರೆ ಟ್ರೇಗಳು ಹಾಗೇ ಉಳಿಯುತ್ತವೆ. ಇಂಥಲ್ಲಿ ‘ಸೆಲೆನಿಯಂ ಮೊಟ್ಟೆ, ಬೇಗ ಕೆಡುವುದಿಲ್ಲ’ ಎಂದು ದರ ಏರಿಸಿ ಕೇಳಿದರೆ ಒಪ್ಪಬಹುದೇ?

ಹಳೆಯ ಎಣ್ಣೆ ಕಮಟು ಹಿಡಿಯುವುದನ್ನು ನಾವು ದಿನವೂ ನೋಡುತ್ತೇವೆ. ಕೋಳಿಯ ಮೈಯೊಳಗಿನ ಕೊಬ್ಬಿಗೂ ಅದೇ ಗತಿ ಬಾರದಂತೆ ಕಾಯುವ ಒಂದು ಕಿಣ್ವದಲ್ಲಿ ಸೆಲೆನಿಯಂ ಇದೆ ಎಂಬುದು 1973ರಲ್ಲಿ ತಿಳಿಯಿತು. ವಿಟಮಿನ್ ಇ ಇದಕ್ಕೆ ಜೊತೆಗಾರ. ಬೇಕಾಗುವುದು ಚಿಟಿಕೆಗಿಂತಲೂ ಕಡಿಮೆ. ಅಮೆರಿಕದಲ್ಲಿ ಒಂದು ಕಿಲೋ ಮೇವಿಗೆ ಸೇರಿಸಬಹುದಾದ ಮಿತಿ 0.3 ಮಿಲಿಗ್ರಾಂ, ಅಂದರೆ ಒಂದು ಟನ್ನಿಗೆ ಮೂರನೇ ಒಂದು ಗ್ರಾಮೂ ಇಲ್ಲ! ಯುರೋಪಿನಲ್ಲಿ ಮೇವಿನ ಒಟ್ಟು ಅಂಶವೇ 0.5 ಮಿಲಿಗ್ರಾಂ ಮೀರಬಾರದು. ಮಿತಿ ತೀರಾ ಮೀರಿದರೆ ಅದೇ ವಿಷ: ಮೊಟ್ಟೆ ಇಳಿಯುತ್ತದೆ, ಭ್ರೂಣ ವಿರೂಪಗೊಳ್ಳುತ್ತದೆ. ಆದ್ದರಿಂದ ‘ಹೆಚ್ಚು ಹಾಕಿದ್ದೇವೆ’ ಎಂಬುದು ಹೊಗಳಿಕೆಯ ಮಾತಲ್ಲ.

ಇನ್ನೊಂದು ಸಂಗತಿ. ಫಾರಂಗಳ ಲೇಯರ್ ಮೇವಿನ ಖನಿಜ ಮಿಶ್ರಣದಲ್ಲಿ ಸೆಲೆನಿಯಂ ಹೇಗೂ ಸೇರಿಸುವ ರೂಢಿಯಿದೆ. ವ್ಯತ್ಯಾಸ ರೂಪದಲ್ಲಿದೆ. ಸೋಡಿಯಂ ಸೆಲೆನೈಟ್ ಎಂಬ ಲವಣ ಅಗ್ಗ. ಯೀಸ್ಟಿನಲ್ಲಿ ಬೆಳೆಸಿದ್ದು ತುಟ್ಟಿ, ಆದರೆ ಅದೇ ಮೊಟ್ಟೆಗೆ ಹೆಚ್ಚು ಇಳಿಯುತ್ತದೆ. 50 ಗ್ರಾಂನ ಸಾಮಾನ್ಯ ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ ಇದ್ದರೆ, ವಯಸ್ಕರಿಗೆ ದಿನಕ್ಕೆ ಐಸಿಎಂಆರ್ ಹೇಳುವ ಪ್ರಮಾಣ 40. ಹೀಗಾಗಿ ಸಾದಾ ಮೊಟ್ಟೆ ತಿನ್ನುವ ಗಿರಾಕಿಯೂ ಬರಿಗೈಯಲ್ಲಿ ಹೋಗುವುದಿಲ್ಲ.

ಕೆಡುವ ವಿಷಯಕ್ಕೆ ಬಂದರೆ, ಮೊಟ್ಟೆಯ ದೊಡ್ಡ ಶತ್ರು ಒಲೆಯ ಪಕ್ಕದ ಸೆಕೆ. ಎಂಥ ಮೇವು ತಿಂದ ಕೋಳಿಯದ್ದಾದರೂ ಬಿಸಿಯಲ್ಲಿಟ್ಟ ಮೊಟ್ಟೆಯ ಬಿಳಿಭಾಗ ನೀರಾಗುತ್ತದೆ. ತಂದ ಟ್ರೇಯಿಂದ ಒಂದನ್ನು ತಟ್ಟೆಗೆ ಒಡೆದು ನೋಡಿ: ಹಳದಿ ಗುಂಡಗೆ ಎದ್ದು ನಿಂತು, ಬಿಳಿ ಅದನ್ನು ದಪ್ಪಗೆ ಸುತ್ತಿದ್ದರೆ ತಾಜಾ. ಹರಿದು ಹರಡಿದರೆ ಲೇಬಲ್ ಏನೇ ಹೇಳಲಿ, ವಾಪಸ್ ಕಳಿಸಿ.

ಕೊಳ್ಳಲೇಬೇಕೆಂದಿದ್ದರೆ ಸಪ್ಲೈಯರನನ್ನು ಎರಡು ಕೇಳಿ. ಮೇವಿನಲ್ಲಿ ಯಾವ ರೂಪದ ಸೆಲೆನಿಯಂ? ಮೊಟ್ಟೆಯ ಲ್ಯಾಬ್ ವರದಿ ಎಲ್ಲಿ? 1982ರಲ್ಲಿ ಹುಟ್ಟಿದ ಎನ್‌ಇಸಿಸಿ ದರ ನೂರರ ಲೆಕ್ಕದಲ್ಲಿರುವುದರಿಂದ, ಹೆಚ್ಚುವರಿ ದರವನ್ನೂ ನೂರಕ್ಕೆ ಎಷ್ಟೆಂದೇ ಹೇಳಿಸಿ. ಬಿಡಿಯಾಗಿ ಹೇಳಿದರೆ ಚಿಲ್ಲರೆ ಪೈಸೆಯಂತೆ ಕಾಣುತ್ತದೆ.